ಅಗೌರವ ಎಂಬ ಚೌಕಕ್ಕೆ ಒಂದು ಟಿಕ್: ತರಗತಿಯಿಂದ ಜೈಲಿನವರೆಗಿನ ದಾರಿ

ಅಮೆರಿಕದ ಶಾಲೆಗಳಲ್ಲಿ ಆಫೀಸ್ ರೆಫರಲ್ ಅಂತ ಒಂದು ನಮೂನೆ ಇರುತ್ತದೆ. ಹಿಂದೆ ಕಾಗದದ ಚೀಟಿ, ಈಗ ಹೆಚ್ಚಾಗಿ ಕಂಪ್ಯೂಟರಿನ ಪರದೆ. ವಿದ್ಯಾರ್ಥಿಯ ಹೆಸರು, ತರಗತಿ, ಎಷ್ಟನೇ ಪೀರಿಯಡ್ಡು, ಎಲ್ಲಿ ನಡೆದದ್ದು ಎಂಬುದರ ಕೆಳಗೆ ಟಿಕ್ ಹಾಕಲು ಚೌಕಗಳ ಸಾಲು. ಆಯುಧ, ಮಾದಕ ವಸ್ತು, ಹೊಡೆದಾಟ: ಇವು ಯಾರು ನೋಡಿದರೂ ಒಂದೇ. ಚಾಕು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅದೇ ಸಾಲಿನಲ್ಲಿ ಇನ್ನೂ ಕೆಲವು ಚೌಕಗಳಿರುತ್ತವೆ: ಪಾಠಕ್ಕೆ ಅಡ್ಡಿ, ಮಾತು ಕೇಳಲಿಲ್ಲ, ಅಗೌರವ. ಇವಕ್ಕೆ ಅಳತೆಗೋಲಿಲ್ಲ. ಬೆಳಗ್ಗೆ ಎಂಟಕ್ಕೆ ತಮಾಷೆಯಾಗಿ ಕಂಡ ಮಾತೇ, ಮೂವತ್ತು ಮಕ್ಕಳ ಗದ್ದಲದಲ್ಲಿ ತಲೆ ಸಿಡಿಯುತ್ತಿರುವ ಮಧ್ಯಾಹ್ನ ಎರಡಕ್ಕೆ ಅಗೌರವವಾಗಿ ಕಾಣುತ್ತದೆ.

'ಶಾಲೆ ಕೆಟ್ಟರೆ ಮಕ್ಕಳು ಜೈಲು ಸೇರುತ್ತಾರೆ' ಎಂಬುದು ಭಾಷಣದಲ್ಲಿ ಸಲೀಸಾಗಿ ಹೊರಳುವ ಮಾತು. ಹೇಗೆ ಸೇರುತ್ತಾರೆ, ಯಾವ ಕಾಗದದಿಂದ ಯಾವ ಕಾಗದಕ್ಕೆ ದಾಟುತ್ತಾರೆ ಎಂದು ಕೇಳಿದರೆ ಉತ್ತರ ಬಹುಮಟ್ಟಿಗೆ ಆ ಅಳತೆಯಿಲ್ಲದ ಚೌಕಗಳಲ್ಲಿದೆ.

ಇದನ್ನು ಎಲ್ಲಕ್ಕಿಂತ ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ಟೆಕ್ಸಾಸ್. ಅಲ್ಲಿ ಏಳನೇ ತರಗತಿಯಲ್ಲಿದ್ದ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ಶಾಲಾ ದಾಖಲೆಯನ್ನೂ ಬಾಲನ್ಯಾಯ ಇಲಾಖೆಯ ದಾಖಲೆಯನ್ನೂ ಜೋಡಿಸಿ, ಆರು ವರ್ಷಗಳಿಗೂ ಮೇಲ್ಪಟ್ಟು ಹಿಂಬಾಲಿಸಿದ ಅಧ್ಯಯನ 2011ರಲ್ಲಿ ಹೊರಬಂತು. ಏಳರಿಂದ ಹನ್ನೆರಡನೇ ತರಗತಿಯೊಳಗೆ ಒಮ್ಮೆಯಾದರೂ ಅಮಾನತಾದ ಅಥವಾ ಹೊರಹಾಕಲ್ಪಟ್ಟ ಮಕ್ಕಳು ಸುಮಾರು ಶೇ 60. ಆದರೆ ಕಾನೂನು 'ಕಳಿಸಲೇಬೇಕು' ಎಂದು ಕಟ್ಟಪ್ಪಣೆ ಮಾಡಿದ ತಪ್ಪುಗಳು ಒಟ್ಟು ಪ್ರಕರಣಗಳಲ್ಲಿ ಶೇ 3 ಮಾತ್ರ. ಮಿಕ್ಕ ಶೇ 97 ಶಾಲೆಯ ವಿವೇಚನೆಗೆ ಬಿಟ್ಟವು. ಕಾನೂನು ಹೇಳಲಿಲ್ಲ, ಯಾರೋ ಒಬ್ಬ ದೊಡ್ಡವರು ತೀರ್ಮಾನಿಸಿದರು. ಹೀಗೆ ವಿವೇಚನೆಯ ಮೇಲೆ ಹೊರಗೆ ಹೋದ ಮಗು ಮುಂದಿನ ವರ್ಷದೊಳಗೆ ಬಾಲನ್ಯಾಯ ವ್ಯವಸ್ಥೆಯ ಬಾಗಿಲಿಗೆ ಬರುವ ಸಾಧ್ಯತೆ ಹೆಚ್ಚುಕಡಿಮೆ ಮೂರು ಪಟ್ಟು. ಇನ್ನೂ ಒಂದು ಅಂಕಿ ಗಮನಿಸಬೇಕಾದ್ದು: ಕಡ್ಡಾಯ ಶಿಕ್ಷೆಯ ತಪ್ಪುಗಳಲ್ಲಿ ಕಪ್ಪು, ಬಿಳಿ ಮಕ್ಕಳ ನಡುವೆ ಅಂಥ ವ್ಯತ್ಯಾಸವಿರಲಿಲ್ಲ. ವಿವೇಚನೆಯ ತಪ್ಪುಗಳಲ್ಲಿ, ಬೇರೆಲ್ಲ ಅಂಶಗಳನ್ನು ಸರಿದೂಗಿಸಿದ ಮೇಲೂ, ಕಪ್ಪು ಮಕ್ಕಳಿಗೆ ಶಿಕ್ಷೆಯಾಗುವ ಸಾಧ್ಯತೆ ಶೇ 31ರಷ್ಟು ಹೆಚ್ಚಿತ್ತು. ಚಾಕುವಿನ ಚೌಕಕ್ಕೆ ಬಣ್ಣ ಕಾಣುವುದಿಲ್ಲ, ಅಗೌರವದ ಚೌಕಕ್ಕೆ ಕಾಣುತ್ತದೆ.

ಅಮಾನತು ಎಂದರೆ ನಮ್ಮಲ್ಲಿ 'ನಾಲ್ಕು ದಿನ ರಜೆ' ಎಂಬ ಭಾವನೆ. ಆ ನಾಲ್ಕು ದಿನದಲ್ಲಿ ನಡೆಯುವುದನ್ನು ಬಿಡಿಸಿ ನೋಡಿ. ಟೆಕ್ಸಾಸ್‌ನಲ್ಲಿ ಒಂದು ಸಲಕ್ಕೆ ಗರಿಷ್ಠ ಮೂರು ಶಾಲಾ ದಿನ. ಒಂಬತ್ತನೇ ತರಗತಿಯ ಬೀಜಗಣಿತದಲ್ಲಿ ಮೂರು ದಿನ ಎಂದರೆ ಒಂದು ಹೊಸ ವಿಷಯ ಪೂರ್ತಿ. ತಂದೆತಾಯಿ ಗಂಟೆಗಿಷ್ಟು ಎಂಬ ಕೂಲಿಯವರು, ರಜೆ ಹಾಕಿದರೆ ಸಂಬಳ ಕಟ್ಟು; ಆದ್ದರಿಂದ ಮನೆಯಲ್ಲಿ ಯಾರೂ ಇಲ್ಲ. ಬೀದಿಯಲ್ಲಿ ಆ ಹೊತ್ತಿಗೆ ಸಿಗುವವರು ಯಾರು? ಶಾಲೆಯ ಹೊರಗೇ ಇರುವ ಇನ್ನೊಬ್ಬರು. ನಾಲ್ಕನೇ ದಿನ ವಾಪಸ್ ಬಂದ ಹುಡುಗನಿಗೆ ಹಲಗೆಯ ಮೇಲಿನದು ಅರ್ಥವಾಗುವುದಿಲ್ಲ. ಹದಿನಾಲ್ಕರ ಹುಡುಗನಿಗೆ 'ದಡ್ಡ' ಎನಿಸಿಕೊಳ್ಳುವುದಕ್ಕಿಂತ 'ಪೋಕರಿ' ಎನಿಸಿಕೊಳ್ಳುವುದು ಸುಲಭ. ಎರಡನೇ ಚೀಟಿ ಬರುತ್ತದೆ. ಎರಡನೆಯದನ್ನು ಬರೆಯುವಾಗ ಮೊದಲನೆಯದನ್ನು ನೋಡುತ್ತಾರೆ, ಶಿಕ್ಷೆ ಒಂದು ಮೆಟ್ಟಿಲು ಏರುತ್ತದೆ.

ಏರಿದ ಮೇಲೆ ಟೆಕ್ಸಾಸ್‌ನಲ್ಲಿ ಸಿಗುವುದು ಶಿಸ್ತಿನ ಬದಲಿ ಶಾಲೆ. ಕಾನೂನಿನ ಪ್ರಕಾರ ಅಲ್ಲಿ ಕಲಿಸಬೇಕಾದ್ದು ಇಂಗ್ಲಿಷ್, ಗಣಿತ, ವಿಜ್ಞಾನ, ಇತಿಹಾಸ ಮತ್ತು ಸ್ವಯಂಶಿಸ್ತು. ಹುಡುಗ ಮೋಟಾರು ರಿಪೇರಿ ಕಲಿಯುತ್ತಿದ್ದನೋ, ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದನೋ, ಅಂದರೆ ಅವನು ಶಾಲೆಗೆ ಬರುತ್ತಿದ್ದುದಕ್ಕೆ ನಿಜವಾದ ಕಾರಣ ಯಾವುದಿತ್ತೋ, ಅದು ಆ ಪಟ್ಟಿಯಲ್ಲಿಲ್ಲ. ಆರೇಳು ವಾರ ಕಳೆದು ಹಳೆಯ ಶಾಲೆಗೆ ಮರಳಿದಾಗ ಅವನ ಕೋರ್ಸು ಎಲ್ಲಿಗೋ ಹೋಗಿರುತ್ತದೆ. ಹೈಸ್ಕೂಲಿನಲ್ಲಿ ಕೋರ್ಸಿಗೆ ಇಷ್ಟು ಎಂದು ಕ್ರೆಡಿಟ್ ಸೇರುತ್ತಾ ಹೋಗಬೇಕು, ಸೇರದಿದ್ದರೆ ಒಂಬತ್ತರಲ್ಲೇ ಕೂರಬೇಕು. ವಯಸ್ಸು ಹದಿನಾರು, ಪಕ್ಕದ ಬೆಂಚಿನವನಿಗೆ ಹದಿನಾಲ್ಕು. ಶಾಲೆ ಬಿಡುವವರಲ್ಲಿ ಹೆಚ್ಚಿನವರು ಒಂದು ದಿನ ತೀರ್ಮಾನಿಸಿ ಬಿಡುವುದಿಲ್ಲ, ಹೀಗೆ ಸವೆಯುತ್ತಾರೆ.

ಇದಕ್ಕೆ ದಂಡವನ್ನೂ ಸೇರಿಸಿ. 2015ರ ಸೆಪ್ಟೆಂಬರ್‌ಗೆ ಮುಂಚೆ ಟೆಕ್ಸಾಸ್‌ನಲ್ಲಿ ಶಾಲೆಗೆ ಚಕ್ಕರ್ ಹಾಕುವುದೇ ಅಪರಾಧ. ಆರು ತಿಂಗಳಲ್ಲಿ ಹತ್ತು ಸಲ, ಅಥವಾ ನಾಲ್ಕು ವಾರದಲ್ಲಿ ಮೂರು ಸಲ ಕಾರಣವಿಲ್ಲದೆ ಗೈರಾದರೆ ವಯಸ್ಕರ ನ್ಯಾಯಾಲಯದಲ್ಲಿ ಕೇಸು, 500 ಡಾಲರ್‌ವರೆಗೆ ದಂಡ. ವರ್ಷಕ್ಕೆ ಲಕ್ಷದ ಲೆಕ್ಕದಲ್ಲಿ ಇಂಥ ಕೇಸುಗಳಿದ್ದವು. ದಂಡ ಕಟ್ಟಲಾಗದ ಮನೆಯ ಹುಡುಗ ಹದಿನೇಳು ತುಂಬಿದ ಮೇಲೆ ಬಾಕಿ ದಂಡಕ್ಕಾಗಿ ವಾರಂಟಿಗೆ ಸಿಕ್ಕಿ ಜೈಲು ಕಾಣುವುದು ಸಾಧ್ಯವಿತ್ತು. ಶಾಲೆಗೆ ಬರಲಿಲ್ಲ ಎಂಬ ತಪ್ಪಿಗೆ, ಶಾಲೆಗೆ ಹೋಗಲು ಆಗದ ಜಾಗದಲ್ಲಿ ಕೂಡಿಹಾಕುವುದು!

ಈ ಬಿಗಿ ಎಲ್ಲಿಂದ ಬಂತು ಎಂಬುದು ಹೆಚ್ಚು ಹೊತ್ತು ಹಿಡಿಯುವ ವಿಷಯವಲ್ಲ. 1994ರಲ್ಲಿ ಒಕ್ಕೂಟ ಸರ್ಕಾರ ಒಂದು ಕಾಯ್ದೆ ತಂದಿತು: ಶಾಲೆಗೆ ಬಂದೂಕು ತಂದವರನ್ನು ಕನಿಷ್ಠ ಒಂದು ವರ್ಷ ಹೊರಹಾಕುವ ನಿಯಮ ಇಲ್ಲದ ರಾಜ್ಯಕ್ಕೆ ಶಿಕ್ಷಣದ ಅನುದಾನವಿಲ್ಲ. ಪ್ರಕರಣ ನೋಡಿ ಶಿಕ್ಷೆ ಬದಲಿಸುವ ಅಧಿಕಾರವನ್ನು ಅದೇ ಕಾಯ್ದೆ ಜಿಲ್ಲೆಯ ಶಿಕ್ಷಣ ಮುಖ್ಯಸ್ಥರಿಗೆ ಕೊಟ್ಟಿತ್ತು. ಅದನ್ನು ಎಲ್ಲರೂ ಮರೆತರು. ಬಂದೂಕಿಗಿದ್ದ 'ಶೂನ್ಯ ಸಹನೆ' ಆಟಿಕೆಗೂ, ಬೆಣ್ಣೆ ಸವರುವ ಚಾಕುವಿಗೂ, ಕೊನೆಗೆ ಎದುರು ಮಾತಿಗೂ ಹಬ್ಬಿತು. 1999ರ ಏಪ್ರಿಲ್ 20ರಂದು ಕೊಲರಾಡೊದ ಕೊಲಂಬೈನ್ ಶಾಲೆಯಲ್ಲಿ ನಡೆದ ಹತ್ಯಾಕಾಂಡದ ನಂತರ ಶಾಲೆಯೊಳಗೇ ಪೊಲೀಸರನ್ನು ಇರಿಸಲು ಹಣ ಹರಿದುಬಂತು.

ಪೊಲೀಸ್ ಕಾರಿಡಾರಿನಲ್ಲೇ ನಿಂತಿದ್ದರೆ ಏನು ಬದಲಾಗುತ್ತದೆ? ಮುಖ್ಯವಾಗಿ, ಮೊದಲು ಹೆಡ್‌ಮಾಸ್ಟರ ಕೋಣೆಯಲ್ಲಿ ಮುಗಿಯುತ್ತಿದ್ದದ್ದಕ್ಕೆ ಕಾನೂನಿನ ಹೆಸರು ಸಿಗುತ್ತದೆ. ಇಬ್ಬರು ಹುಡುಗರ ತಳ್ಳಾಟ 'ಹಲ್ಲೆ' ಆಗುತ್ತದೆ, ಕೂಗಾಡಿದ್ದು 'ಸಾರ್ವಜನಿಕ ಶಾಂತಿಭಂಗ' ಆಗುತ್ತದೆ. ಮಕ್ಕಳ ಚೀಲ ಹುಡುಕಲು ಶಾಲಾ ಸಿಬ್ಬಂದಿಗೆ ವಾರಂಟು ಬೇಡ, 'ಸಮಂಜಸ ಅನುಮಾನ' ಸಾಕು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ನ್ಯೂಜೆರ್ಸಿಯ ಶಾಲೆಯೊಂದರ ಶೌಚಾಲಯದಲ್ಲಿ ಸಿಗರೇಟು ಸೇದಿದ ಹದಿನಾಲ್ಕರ ಹುಡುಗಿಯ ಕೈಚೀಲದ ಪ್ರಕರಣ ಅದು. ಬೀದಿಯಲ್ಲಿ ಪೊಲೀಸರಿಗೆ ಇರುವ ತೊಡಕು ಶಾಲೆಯೊಳಗೆ ಉಪಪ್ರಾಂಶುಪಾಲರಿಗಿಲ್ಲ, ಅವರಿಗೆ ಸಿಕ್ಕಿದ್ದು ಪಕ್ಕದಲ್ಲೇ ನಿಂತ ಪೊಲೀಸರ ಕೈ ಸೇರುತ್ತದೆ. ಸೌತ್ ಕ್ಯಾರೊಲಿನಾದಲ್ಲಂತೂ 'ಶಾಲೆಗೆ ತೊಂದರೆ ಕೊಡುವುದು' ಎಂಬುದೇ ಒಂದು ಅಪರಾಧವಾಗಿತ್ತು, ತೊಂಬತ್ತು ದಿನದವರೆಗೆ ಜೈಲು. 2015ರ ಅಕ್ಟೋಬರ್‌ನಲ್ಲಿ ಅಲ್ಲಿ ಪೊಲೀಸನೊಬ್ಬ ಹುಡುಗಿಯನ್ನು ಕುರ್ಚಿ ಸಮೇತ ಕೆಡವಿ ಎಳೆದಾಡಿದ ವಿಡಿಯೊ ಲೋಕವೆಲ್ಲ ನೋಡಿತು. ಅದನ್ನು ಪ್ರತಿಭಟಿಸಿದ ಸಹಪಾಠಿಯನ್ನೂ ಅದೇ ಕಾನೂನಿನಡಿ ಬಂಧಿಸಿದ್ದರು. ಕಾನೂನು ತಿದ್ದುಪಡಿಯಾದದ್ದು 2018ರಲ್ಲಿ. ಆ ವಿಡಿಯೊಗೆ ಒಂದು ತಿಂಗಳು ಮೊದಲು, ಟೆಕ್ಸಾಸ್‌ನ ಅರ್ವಿಂಗ್‌ನಲ್ಲಿ ಮನೆಯಲ್ಲಿ ಮಾಡಿದ ಗಡಿಯಾರ ತಂದ ಹದಿನಾಲ್ಕರ ಹುಡುಗನಿಗೆ ಕೈಕೋಳ ಬಿದ್ದದ್ದು ನಮ್ಮ ಪತ್ರಿಕೆಗಳಲ್ಲೂ ಸುದ್ದಿಯಾಗಿತ್ತು.

2017–18ರ ಒಂದೇ ಶಾಲಾ ವರ್ಷದಲ್ಲಿ ದೇಶದಾದ್ಯಂತ ಸುಮಾರು 25 ಲಕ್ಷ ಮಕ್ಕಳು ಶಾಲೆಯಿಂದ ಹೊರಗೆ ಅಮಾನತಾದರು. ಸುಮಾರು 2.3 ಲಕ್ಷ ಮಕ್ಕಳ ಹೆಸರು ಪೊಲೀಸರಿಗೆ ಹೋಯಿತು, ಐವತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಬಂಧನಕ್ಕೊಳಗಾದರು. ಒಟ್ಟು ಮಕ್ಕಳಲ್ಲಿ ಕಪ್ಪು ಮಕ್ಕಳು ಶೇ 15, ಬಂಧಿತರಲ್ಲಿ ಮೂರನೇ ಒಂದು ಪಾಲಿಗೆ ಹತ್ತಿರ.

ಇನ್ನು ದುಡ್ಡು. ಅಮೆರಿಕದ ಶಾಲೆಗಳಿಗೆ ದೊಡ್ಡ ಪಾಲು ಹಣ ಬರುವುದು ಆಯಾ ಊರಿನ ಆಸ್ತಿ ತೆರಿಗೆಯಿಂದ. ಮನೆಗಳ ಬೆಲೆ ಕಡಿಮೆ ಇರುವ ಕಡೆ ಶಾಲೆಗೂ ಹಣ ಕಡಿಮೆ. ಇದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು 1973ರಲ್ಲಿ ಸುಪ್ರೀಂ ಕೋರ್ಟಿನ ಸ್ಯಾನ್ ಆಂಟೋನಿಯೊ ಪ್ರಕರಣದಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪಾಯಿತು. ಕೈ ಬಿಗಿಯಾದಾಗ ಮೊದಲು ಹೋಗುವುದು ಆಪ್ತಸಲಹೆಗಾರರ ಹುದ್ದೆ. 250 ಮಕ್ಕಳಿಗೆ ಒಬ್ಬ ಸಲಹೆಗಾರ ಇರಬೇಕೆಂದು ಅವರ ವೃತ್ತಿ ಸಂಘವೇ ಹೇಳುತ್ತದೆ, ಹೆಚ್ಚಿನ ರಾಜ್ಯಗಳಲ್ಲಿ ಅಷ್ಟಿಲ್ಲ. ಸಲಹೆಗಾರನೂ ಇಲ್ಲ, ನರ್ಸೂ ಇಲ್ಲ, ಪೊಲೀಸ್ ಮಾತ್ರ ಇದ್ದಾನೆ ಎಂಬ ಶಾಲೆಯಲ್ಲಿ ಅಳುವ ಮಗುವನ್ನು ಕಳಿಸಲು ಇರುವ ಕೋಣೆ ಒಂದೇ.

ಪರೀಕ್ಷೆಯ ಒತ್ತಡ ಇನ್ನೊಂದು ಸೂಕ್ಷ್ಮ. ಶಾಲೆಯ ಮರ್ಯಾದೆ ಮಕ್ಕಳ ಸರಾಸರಿ ಅಂಕದ ಮೇಲೆ ನಿಂತಾಗ ಹಿಂದುಳಿದ ಮಗು ಪರೀಕ್ಷೆಯ ದಿನ ಬರದಿರುವುದೇ ಶಾಲೆಗೆ ಲಾಭ. ಅರ್ಥಶಾಸ್ತ್ರಜ್ಞ ಡೇವಿಡ್ ಫಿಗ್ಲಿಯೊ ಫ್ಲಾರಿಡಾದ ಶಾಲೆಗಳ ಕಡತ ತೆಗೆದು ನೋಡಿದರು. ಒಂದೇ ಜಗಳದಲ್ಲಿ ಇಬ್ಬರು ಸಿಕ್ಕಿಬಿದ್ದಿದ್ದರೆ ಕಡಿಮೆ ಅಂಕದವನಿಗೆ ಹೆಚ್ಚು ದಿನ ಅಮಾನತು. ಪರೀಕ್ಷೆ ಹತ್ತಿರವಾದ ವಾರಗಳಲ್ಲಿ ಈ ಅಂತರ ಇನ್ನಷ್ಟು. 2006ರಲ್ಲಿ ಇದು ಪ್ರಕಟವಾಯಿತು. ಮೇಷ್ಟರನ್ನೆಲ್ಲ ಕೆಡುಕರು ಎನ್ನಲು ಇದನ್ನು ಎತ್ತಿ ಹೇಳುತ್ತಿಲ್ಲ. ಲೆಕ್ಕ ಹಾಗೆ ಕಟ್ಟಿದರೆ ಒಳ್ಳೆಯವರೂ ಹಾಗೆಯೇ ನಡೆದುಕೊಳ್ಳುತ್ತಾರೆ.

ಇಲ್ಲಿ ಒಂದು ತಕರಾರು ನ್ಯಾಯವಾದದ್ದು. ತುಂಟ ಹುಡುಗ ಅಮಾನತಾಗುತ್ತಾನೆ, ಅವನೇ ಮುಂದೆ ಜೈಲಿಗೂ ಹೋಗುತ್ತಾನೆ. ಅಮಾನತು ಕಾರಣವೆಂದು ಹೇಗೆ ಹೇಳುತ್ತೀರಿ? ಟೆಕ್ಸಾಸ್‌ನ ಅಂಕಿಗಳಿಂದ ಇದಕ್ಕೆ ಪೂರ್ತಿ ಉತ್ತರ ಸಿಗುವುದಿಲ್ಲ. ಸಿಗುವುದು ನಾರ್ತ್ ಕ್ಯಾರೊಲಿನಾದ ಶಾರ್ಲಟ್ ನಗರದಲ್ಲಿ. ಅಲ್ಲಿ 2002ರಲ್ಲಿ ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಹೋಗಬೇಕೆಂಬ ಗಡಿಯನ್ನು ಹೊಸದಾಗಿ ಎಳೆದರು. ಒಂದೇ ಬಡಾವಣೆಯ, ಒಂದೇ ಥರದ ಮನೆಗಳ ಮಕ್ಕಳು ಗೆರೆಯ ಆಚೆಈಚೆ ಬೇರೆ ಬೇರೆ ಶಾಲೆಗೆ ಬಿದ್ದರು. ಕೆಲವು ಶಾಲೆ ಬಿಗಿ, ಕೆಲವು ಸಡಿಲ. ಮಕ್ಕಳು ತಾವಾಗಿ ಆರಿಸಿಕೊಂಡದ್ದಲ್ಲ. ಬಿಗಿ ಶಾಲೆಗೆ ಬಿದ್ದವರು ದೊಡ್ಡವರಾದ ಮೇಲೆ ಬಂಧನಕ್ಕೋ ಸೆರೆಗೋ ಒಳಗಾದದ್ದು ಶೇ 15ರಿಂದ 20ರಷ್ಟು ಹೆಚ್ಚು. ಅದೇ ಅಧ್ಯಯನದಲ್ಲಿ, ಬಿಗಿಯಿಂದ ಬಿಳಿಯ ಹುಡುಗರ ಅಂಕ ಅಲ್ಪಸ್ವಲ್ಪ ಸುಧಾರಿಸಿರಬಹುದು ಎಂಬ ಸುಳಿವೂ ಇದೆ. ಕಹಿಯಾದ ವಿವರ, ಬಿಡಬಾರದ್ದು: ಬಿಗಿ ಯಾರಿಗೂ ಉಪಯೋಗವಿಲ್ಲ ಎಂದಲ್ಲ, ಅದರ ಬೆಲೆ ತೆರುವವರು ಬೇರೆ.

ಇದೇ ಉಸಿರಿನಲ್ಲಿ ಒಂದು ಸುಳ್ಳನ್ನೂ ತೆಗೆದುಹಾಕಬೇಕು. 'ಅಮೆರಿಕದಲ್ಲಿ ಮೂರನೇ ತರಗತಿ ಮಕ್ಕಳ ಓದಿನ ಅಂಕ ನೋಡಿ ಮುಂದೆ ಎಷ್ಟು ಜೈಲು ಕಟ್ಟಬೇಕೆಂದು ಲೆಕ್ಕ ಹಾಕುತ್ತಾರೆ' ಎಂಬ ಮಾತು ವಾಟ್ಸ್ಆ್ಯಪ್‌ನಲ್ಲೂ ವೇದಿಕೆಗಳಲ್ಲೂ ಓಡಾಡುತ್ತದೆ. ಯಾವ ರಾಜ್ಯವೂ ಹಾಗೆ ಮಾಡಿದ್ದಕ್ಕೆ ಆಧಾರ ಸಿಕ್ಕಿಲ್ಲ. ನಿಜವೇ ಸಾಕಷ್ಟು ಕೆಟ್ಟದ್ದಿರುವಾಗ ಕಟ್ಟುಕತೆ ಯಾಕೆ? ಪೆನ್ಸಿಲ್ವೇನಿಯಾದ ಲುಜರ್ನ್ ಕೌಂಟಿಯಲ್ಲಿ ಮಾರ್ಕ್ ಸಿಯವರೆಲ್ಲಾ, ಮೈಕಲ್ ಕಾನಹನ್ ಎಂಬ ಇಬ್ಬರು ನ್ಯಾಯಾಧೀಶರು ಖಾಸಗಿ ಬಾಲಬಂಧನ ಕೇಂದ್ರಗಳಿಗೆ ಸಂಬಂಧಿಸಿದವರಿಂದ ಹಣ ಪಡೆದಿದ್ದರು. ಮಕ್ಕಳು ಸಣ್ಣಪುಟ್ಟ ತಪ್ಪಿಗೂ, ಎಷ್ಟೋ ಸಲ ವಕೀಲರೇ ಇಲ್ಲದೆ, ಆ ಕೇಂದ್ರಗಳಿಗೆ ಹೋಗುತ್ತಿದ್ದರು. ಉಪಪ್ರಾಂಶುಪಾಲರನ್ನು ಅಂತರ್ಜಾಲದಲ್ಲಿ ಗೇಲಿ ಮಾಡಿದ ಹುಡುಗಿಯೂ ಅವರಲ್ಲಿದ್ದಳು. 2009ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸಾವಿರಾರು ತೀರ್ಪುಗಳನ್ನು ಒಟ್ಟಿಗೆ ರದ್ದು ಮಾಡಬೇಕಾಯಿತು. ಸಿಯವರೆಲ್ಲಾಗೆ 28 ವರ್ಷ ಶಿಕ್ಷೆಯಾಯಿತು.

ಸರಿಪಡಿಸಿದವರಲ್ಲಿ ಜಾರ್ಜಿಯಾದ ಕ್ಲೇಟನ್ ಕೌಂಟಿಯ ಬಾಲನ್ಯಾಯಾಲಯದ ನ್ಯಾಯಾಧೀಶ ಸ್ಟೀವನ್ ಟೆಸ್ಕಿ ಅವರ ಕೆಲಸ ನೋಡಬೇಕಾದ್ದು. ತೊಂಬತ್ತರ ದಶಕದಲ್ಲಿ ಶಾಲೆಗೆ ಪೊಲೀಸರು ಬರುವ ಮುನ್ನ ವರ್ಷಕ್ಕೆ ಕೆಲವೇ ಡಜನ್ ಇದ್ದ ಶಾಲಾ ಕೇಸುಗಳು 2003ರ ಹೊತ್ತಿಗೆ ಸಾವಿರ ದಾಟಿದ್ದವು, ಹೆಚ್ಚಿನವು ತಳ್ಳಾಟ, ಕೂಗಾಟ. ನಿಜವಾಗಿ ಅಪಾಯದ ಹುಡುಗನ ಮೇಲೆ ಕಣ್ಣಿಡಬೇಕಾದ ಪ್ರೊಬೇಷನ್ ಅಧಿಕಾರಿಯ ಮೇಜು ಈ ಕಡತಗಳಿಂದ ತುಂಬಿಹೋಗಿತ್ತು. ಟೆಸ್ಕಿ ಶಾಲೆ, ಪೊಲೀಸ್, ಸಮಾಜಕಲ್ಯಾಣದವರನ್ನು ತಿಂಗಳುಗಟ್ಟಲೆ ಒಂದೇ ಮೇಜಿಗೆ ಕೂರಿಸಿ 2004ರಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿದರು. ಆಯ್ದ ಸಣ್ಣ ತಪ್ಪುಗಳಿಗೆ ಮೊದಲ ಸಲ ಬರೀ ಲಿಖಿತ ಎಚ್ಚರಿಕೆ, ಎರಡನೇ ಸಲ ಮಗುವಿಗೆ ಜಗಳ ಬಗೆಹರಿಸುವ ತರಬೇತಿ, ಮೂರನೇ ಸಲಕ್ಕೆ ಮಾತ್ರ ಕೋರ್ಟು. ಶಾಲೆಯಿಂದ ಕೋರ್ಟಿಗೆ ಬರುವ ಕೇಸುಗಳು ಮೂರನೇ ಎರಡು ಪಾಲಿನಷ್ಟು ಇಳಿದವು. ಅಚ್ಚರಿಯೆಂದರೆ ಶಾಲೆಯಲ್ಲಿ ಗಂಭೀರ ಆಯುಧಗಳ ಪ್ರಕರಣಗಳೂ ಕಡಿಮೆಯಾದವು. ಕಾರಣ ಸರಳ: ಪೊಲೀಸ್ ಮಾಮ ತನ್ನನ್ನು ಹಿಡಿಯಲು ಬಂದವನಲ್ಲ ಎಂದು ಗೊತ್ತಾದ ಮಕ್ಕಳು, ಯಾರ ಚೀಲದಲ್ಲಿ ಏನಿದೆ ಎಂದು ಬಂದು ಹೇಳತೊಡಗಿದರು.

ಆದರೆ ಅಮಾನತು ನಿಲ್ಲಿಸಿಬಿಟ್ಟರೆ ಎಲ್ಲ ಸರಿ ಎಂದುಕೊಂಡರೆ ಪಿಟ್ಸ್‌ಬರ್ಗ್ ಎಚ್ಚರಿಸುತ್ತದೆ. ಅಲ್ಲಿ 44 ಶಾಲೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನಲ್ಲಿ ಶಿಕ್ಷೆಯ ಬದಲು ವೃತ್ತಾಕಾರದಲ್ಲಿ ಕೂತು ಮಾತಾಡಿ ಬಗೆಹರಿಸುವ ಕ್ರಮ ತಂದರು. ಅಮಾನತಿನ ದಿನಗಳು ಕಡಿಮೆಯಾದವು, ವಾತಾವರಣ ಚೆನ್ನಾಗಿದೆ ಎಂದು ಮೇಷ್ಟರು ಹೇಳಿದರು. ಆದರೆ ಆರರಿಂದ ಎಂಟನೇ ತರಗತಿಯವರ ಅಂಕಗಳು ಕುಸಿದವು, ಬಂಧನಗಳೂ ಇಳಿಯಲಿಲ್ಲ. ಹೊರಗೆ ಕಳಿಸದೆ ಉಳಿಸಿಕೊಂಡ ಮಗುವಿಗೆ ಒಳಗೆ ಏನು ಮಾಡುತ್ತೀರಿ ಎಂಬುದಕ್ಕೆ ಸಮಯವೂ ಬೇಕು, ಜನವೂ ಬೇಕು.

ಡಲ್ಲಾಸ್, ನ್ಯೂಜೆರ್ಸಿ ಕಡೆ ನೆಲೆಸಿರುವ ಕನ್ನಡದ ತಂದೆತಾಯಿಗಳು ಶಾಲೆ ಶುರುವಾಗುವಾಗ ಬರುವ ನಡತೆ ಸಂಹಿತೆಗೆ ಓದದೆ ಸಹಿ ಹಾಕುತ್ತಾರೆ, 'ನಮ್ಮ ಮಗು ಹಾಗಲ್ಲ' ಎಂಬ ಧೈರ್ಯದಿಂದ. ಎರಡು ವಿಷಯ ತಿಳಿದಿರಲಿ. ಅಮೆರಿಕದ ಸುಪ್ರೀಂ ಕೋರ್ಟಿನ 1975ರ ಗಾಸ್ ತೀರ್ಪಿನ ಪ್ರಕಾರ ಹತ್ತು ದಿನದೊಳಗಿನ ಅಮಾನತಿಗೂ ಆರೋಪ ಏನೆಂದು ಮಗುವಿಗೆ ಹೇಳಬೇಕು, ಅದು ಒಪ್ಪದಿದ್ದರೆ ಪುರಾವೆ ವಿವರಿಸಬೇಕು, ತನ್ನ ಮಾತು ಹೇಳಲು ಅವಕಾಶ ಕೊಡಬೇಕು. ವಿಶೇಷ ಶಿಕ್ಷಣ ಪಡೆಯುತ್ತಿರುವ ಮಗುವನ್ನು ಹತ್ತು ಶಾಲಾ ದಿನಕ್ಕಿಂತ ಹೆಚ್ಚು ಹೊರಗಿಡುವ ತೀರ್ಮಾನವಾದರೆ, ಆ ನಡತೆ ಅದರ ನ್ಯೂನತೆಯಿಂದಲೇ ಬಂದದ್ದೇ ಎಂದು ಹತ್ತು ಶಾಲಾ ದಿನದೊಳಗೆ ಸಭೆ ಸೇರಿ ನೋಡಬೇಕು. ಮಧ್ಯಾಹ್ನ ಫೋನ್ ಮಾಡಿ 'ಇವತ್ತು ಸ್ವಲ್ಪ ಬೇಗ ಕರೆದುಕೊಂಡು ಹೋಗಿ' ಎನ್ನುವುದೂ ಎಷ್ಟೋ ಸಲ ಲೆಕ್ಕಕ್ಕೆ ಬಾರದ ಅಮಾನತೇ. ಅದನ್ನು ಬರವಣಿಗೆಯಲ್ಲಿ ಕೇಳಬೇಕು.

ಕರ್ನಾಟಕದಲ್ಲಿ ದಾರಿ ಬೇರೆ. ನಮ್ಮ ಶಾಲೆಯಲ್ಲಿ ಪೊಲೀಸ್ ಇಲ್ಲ. ಇರುವುದು ಹಾಜರಿ ಪುಸ್ತಕ. ಇಲ್ಲಿ ಮಗುವನ್ನು ಯಾರೂ ಹಿಡಿದು ಕೊಡುವುದಿಲ್ಲ, ಅದು ಸದ್ದಿಲ್ಲದೆ ಕಾಣೆಯಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಬೇಕೆನ್ನುವ ಕಡೆ ಒಂಬತ್ತರಲ್ಲೇ 'ಟಿಸಿ ತಗೊಂಡು ಹೋಗಿ' ಎನ್ನುವುದಕ್ಕೂ ಫ್ಲಾರಿಡಾದ ಪರೀಕ್ಷಾ ವಾರದ ಅಮಾನತಿಗೂ ತರ್ಕ ಒಂದೇ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದಲ್ಲಿ ನೇರ ನಿಗಾ) ಬಂದಾಗ, ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ, 8.59 ಲಕ್ಷ ಮಕ್ಕಳಲ್ಲಿ ಮೊದಲ ಪರೀಕ್ಷೆ ದಾಟಿದವರು 6.31 ಲಕ್ಷ. ಕಡ್ಡಾಯ ಶಿಕ್ಷಣದ ಹಕ್ಕು ಹದಿನಾಲ್ಕಕ್ಕೆ ಮುಗಿಯುತ್ತದೆ. ದೇಶದಲ್ಲಿ ಪೊಲೀಸರ ವಶಕ್ಕೆ ಬರುವ ಅಪ್ರಾಪ್ತರಲ್ಲಿ ನಾಲ್ಕನೇ ಮೂರು ಪಾಲಿಗೂ ಹೆಚ್ಚಿನವರು ಹದಿನಾರರಿಂದ ಹದಿನೆಂಟರವರು. ನಡುವಿನ ಎರಡು ವರ್ಷ ಆ ಹುಡುಗ ಗ್ಯಾರೇಜಿನಲ್ಲೋ, ಹೋಟೆಲಿನಲ್ಲೋ, ಇನ್ನೊಬ್ಬರ ಬೈಕಿನ ಹಿಂದಿನ ಸೀಟಿನಲ್ಲೋ ಇರುತ್ತಾನೆ. ನಮ್ಮ ಜೈಲುಗಳಲ್ಲಿರುವವರಲ್ಲಿ ಸುಮಾರು ಮೂರನೇ ಎರಡು ಪಾಲು ಜನ ಅನಕ್ಷರಸ್ಥರು ಅಥವಾ ಹತ್ತನೇ ತರಗತಿ ಮುಟ್ಟದವರು.

ಶಾಲೆಗೂ ಜೈಲಿಗೂ ಇಲ್ಲಿ ಇರುವ ನೇರ ಕೊಂಡಿ ಇನ್ನೊಂದು ಕಾಗದ. ಹದಿನೆಂಟು ತುಂಬದವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು, ಇರಿಸಬೇಕಾದ್ದು ವೀಕ್ಷಣಾಲಯದಲ್ಲಿ. ಆದರೆ ಹದಿನೆಂಟು ತುಂಬಿಲ್ಲ ಎಂದು ತೋರಿಸುವುದು ಹೇಗೆ? ಬಾಲನ್ಯಾಯ ಕಾಯ್ದೆ 2015ರ 94ನೇ ಕಲಮು ಕ್ರಮ ಹೇಳುತ್ತದೆ. ಮೊದಲು ಶಾಲೆ ಕೊಟ್ಟ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯ್ತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮೂಳೆ ಪರೀಕ್ಷೆ. ಎಕ್ಸ್‌ರೇಯಲ್ಲಿ ವಯಸ್ಸು ಹೇಳುವಾಗ ಎರಡು ವರ್ಷ ಆಚೆಈಚೆ ಆಗಬಹುದೆಂದು ನ್ಯಾಯಾಲಯಗಳೇ ಒಪ್ಪಿವೆ. ಹದಿನೇಳರವನಿಗೆ ಎರಡು ವರ್ಷ ಆಚೆ ಎಂದರೆ ಹತ್ತೊಂಬತ್ತು.

ಮೊದಲನೆಯ ಕಾಗದವೂ ಎಷ್ಟು ಗಟ್ಟಿ? ನಮ್ಮ ಹಳ್ಳಿಗಳಲ್ಲಿ ಜೂನ್ 1ರಂದು ಹುಟ್ಟಿದವರ ಸಂಖ್ಯೆ ಯಾವ ಹೆರಿಗೆ ಆಸ್ಪತ್ರೆಯೂ ನಂಬಲಾರದಷ್ಟಿದೆ. ದಾಖಲಾತಿಗೆ ಬಂದ ತಾಯಿಗೆ ತಾರೀಖು ನೆನಪಿಲ್ಲ, 'ಮಳೆಗಾಲದಲ್ಲಿ ಹುಟ್ಟಿದ' ಎಂದಿರುತ್ತಾಳೆ. ಹೆಡ್‌ಮಾಸ್ಟರು ಒಂದನೇ ತರಗತಿಗೆ ವಯಸ್ಸು ಸರಿಹೊಂದುವಂತೆ ದಾಖಲಾತಿ ವಹಿಯಲ್ಲಿ ಜೂನ್ 1 ಎಂದು ಬರೆದುಬಿಡುತ್ತಾರೆ, ಬೇಕಿದ್ದರೆ ಒಂದು ವರ್ಷ ಹಿಂದಕ್ಕೆ ಎಳೆದು. ಅದು ಮಗು ಶಾಲೆ ಸೇರಲಿ ಎಂಬ ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ. ಹತ್ತನೇ ತರಗತಿಯ ಅಂಕಪಟ್ಟಿ ಬರುವ ಮೊದಲೇ ತಿದ್ದಿಸಿಕೊಳ್ಳುವುದು ಒಳ್ಳೆಯದು, ಆಮೇಲೆ ಕಷ್ಟ. ಯಾರೂ ತಿದ್ದಿಸುವುದಿಲ್ಲ. ಹನ್ನೆರಡು ವರ್ಷ ಕಳೆದು ಅದೇ ಹುಡುಗ ಬೈಕ್ ಕಳವಿನ ಕೇಸಿನಲ್ಲಿ ಸಿಕ್ಕಿಬಿದ್ದಾಗ ಠಾಣೆಯವರು ಆ ವಹಿಯ ನಕಲು ತರಿಸುತ್ತಾರೆ. ಅದರ ಪ್ರಕಾರ ಅವನಿಗೆ ಹದಿನೆಂಟು ತುಂಬಿ ಎರಡು ತಿಂಗಳು.